ಚೀಟಿಯಲ್ಲಿದ್ದ ‘ಪಾಸಿಟಿವ್’: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಉಡುಪಿ ತಾಲೂಕಿನ ಕಡಲಬದಿಯ ಮಹಿಳೆ, ವಯಸ್ಸು 43. ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ಗಂಡ ಮಲ್ಪೆಯಲ್ಲಿ ಟ್ರಾಲ್ ಬೋಟಿಗೆ ಹೋಗುವವರು. ಅಕ್ಟೋಬರಿನಲ್ಲಿ ಆಶಾ ಕಾರ್ಯಕರ್ತೆ ಬಿಡದೆ ಕರೆದದ್ದಕ್ಕೆ ಶಿಬಿರವೊಂದಕ್ಕೆ ಹೋಗಿ ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ತಪಾಸಣೆ ಮಾಡಿಸಿಕೊಂಡರು. ಕೈಗೆ ಬಂದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು: ‘ವಿಐಎ ಪಾಸಿಟಿವ್, ರೆಫರ್ಡ್’. ಎಲ್ಲಿಗೆ, ಯಾವ ದಿನ, ಯಾರನ್ನು ಕಾಣಬೇಕು, ಒಂದೂ ಇಲ್ಲ. ಚೀಟಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಹೋಯಿತು.

ಜೂನ್ 1ಕ್ಕೆ ಮೀನುಗಾರಿಕೆಗೆ ರಜೆ ಬಿದ್ದು ಗಂಡ ಮನೆಯಲ್ಲಿದ್ದಾಗ ಅದು ಅವರ ಕಣ್ಣಿಗೆ ಬಿತ್ತು. ಪಾಸಿಟಿವ್ ಎಂದರೆ ಎಚ್‌ಐವಿ ಎಂದೇ ಅವರು ತಿಳಿದದ್ದು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೆಯ ದಿನ ನಾದಿನಿ ಇಬ್ಬರನ್ನೂ ಎಬ್ಬಿಸಿಕೊಂಡು ಆಪ್ತಸಲಹೆಗೆ ಬಂದರು.

ಮೊದಲು ಮಾತು ಆ ಮಹಿಳೆಯೊಬ್ಬರೊಡನೆ. ಗಂಡ ಹೊರಗೆ ಬೆಂಚಿನಲ್ಲಿ. ‘ಎಂಟು ತಿಂಗಳು ಯಾಕೆ ಬರಲಿಲ್ಲ’ ಎಂದು ಕೇಳಿದರೆ ಅಳು ಬರುತ್ತದೆಯೇ ಹೊರತು ಉತ್ತರ ಬರುವುದಿಲ್ಲ. “ಚೀಟಿ ಕೊಡುವಾಗ ಏನು ಹೇಳಿದ್ರು ಅಕ್ಕಾ?” ಎಂದು ಕೇಳಲಾಯಿತು.

“ದೊಡ್ಡಾಸ್ಪತ್ರೆಗೆ ತೋರಿಸಿ ಅಂದ್ರು ಮೇಡಂ. ನಂಗೆ ಬೇನೆ ಇಲ್ಲ, ಬಿಳಿ ಹೋಗುದು ಸಹ ಇಲ್ಲ. ಬ್ರಾಂಚಿಗೆ ಬೀಡಿ ಕೊಡ್ಲಿಕ್ಕಿತ್ತು. ಹಾಗೇ ಬಾಕಿ ಆಯ್ತು.”

ಬೇನೆ ಇಲ್ಲ ಎಂಬ ಮಾತಿನಿಂದಲೇ ಸಲಹೆ ಶುರುವಾಯಿತು. ಗರ್ಭಕೊರಳಿನ ಕ್ಯಾನ್ಸರಿಗೆ ಬಹುಪಾಲು ಕಾರಣ ಎಚ್‌ಪಿವಿ ಎಂಬ ವೈರಸ್. ಸೋಂಕು ತಗಲಿದಲ್ಲಿಂದ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ನೋವು, ರಕ್ತ ಕಾಣಿಸುವುದು ಆ ಅವಧಿಯ ಕೊನೆಗೆ. ತಪಾಸಣೆ ಹುಡುಕುವುದು ಅದಕ್ಕೂ ಮೊದಲಿನ ಬದಲಾವಣೆಯನ್ನು. ಶೇ 3ರಿಂದ 5ರ ಅಸಿಟಿಕ್ ಆಮ್ಲವನ್ನು, ಎಂದರೆ ವಿನೆಗರ್‌ನಲ್ಲಿರುವ ಆಮ್ಲವನ್ನೇ, ಹತ್ತಿಯಲ್ಲಿ ಗರ್ಭಕೊರಳಿಗೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಬದಲಾದ ಜಾಗ ಬೆಳ್ಳಗಾಗುತ್ತದೆ. ಇದೇ ವಿಐಎ; ಬೆಳ್ಳಗೆ ಕಂಡರೆ ಚೀಟಿಯಲ್ಲಿ ‘ಪಾಸಿಟಿವ್’ ಎಂದು ಬರೆಯುತ್ತಾರೆ. ಬರೀ ಉರಿಯೂತವಿದ್ದರೂ ಬೆಳ್ಳಗಾಗುವುದುಂಟು. ಹಾಗಾಗಿ ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಯಾರಿಗಿದೆ, ಯಾರಿಗಿಲ್ಲ ಎಂದು ಎರಡನೆಯ ಪರೀಕ್ಷೆ ಮಾಡದೆ, ಬೇಕಾದರೆ ಆ ಜಾಗದ ಚೂರು ತೆಗೆದು (ಬಯಾಪ್ಸಿ) ನೋಡದೆ ಹೇಳಲಾಗದು.

ಅವರ ಒಪ್ಪಿಗೆ ಪಡೆದು ಗಂಡನನ್ನು ಒಳಗೆ ಕರೆಯಲಾಯಿತು. ಇದು ಎಚ್‌ಐವಿ ಪರೀಕ್ಷೆಯೇ ಅಲ್ಲ ಎಂದು ಮೊದಲ ಮಾತಿನಲ್ಲೇ ಹೇಳಿದ್ದು. ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಬರುವುದು ಹೌದು. ಇದನ್ನು ಮುಚ್ಚಿಟ್ಟರೆ ನಾಳೆ ಬೇರೆಯವರ ಬಾಯಿಂದ ಅರ್ಧಂಬರ್ಧ ತಿಳಿದು ಜಗಳ ಮತ್ತೆ ಏಳುತ್ತದೆ. ಸಂಪರ್ಕವಿರುವ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಒಂದಲ್ಲ ಒಂದು ಕಾಲಕ್ಕೆ ಇದು ತಗಲುತ್ತದೆ, ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂರುತ್ತದೆ. ಯಾರಿಂದ, ಯಾವಾಗ ಬಂತೆಂದು ಯಾವ ಪರೀಕ್ಷೆಯೂ ಹೇಳದು. ಗಂಡ ತಲೆ ತಗ್ಗಿಸಿ ಕೇಳಿಕೊಂಡರು. ಆಮೇಲೆ ಕೇಳಿದ್ದು ಒಂದೇ: “ಚೂರು ತೆಗೆದ್ರೆ ಹಬ್ಬುದಿಲ್ವಾ?” ಕರಾವಳಿಯಲ್ಲಿ ಈ ಪ್ರಶ್ನೆ ಕೇಳದ ಮನೆಯಿಲ್ಲ. ಹಬ್ಬುವುದಿಲ್ಲ. ತೆಗೆಯುವುದು ಕೆಲವೇ ಮಿಲಿಮೀಟರ್ ಚೂರು, ಅದಿಲ್ಲದೆ ಚಿಕಿತ್ಸೆ ಯಾವುದೆಂದು ನಿರ್ಧಾರವಾಗದು.

ಮುಂದಿನದನ್ನು ಕನ್ನಡದಲ್ಲಿ ಹಾಳೆಯ ಮೇಲೆ ಬರೆದು ಕೊಡಲಾಯಿತು. ಆ ಎರಡನೆಯ ಪರೀಕ್ಷೆ ಕಾಲ್ಪಸ್ಕೋಪಿ, ಎಂದರೆ ಗರ್ಭಕೊರಳನ್ನು ದೊಡ್ಡದು ಮಾಡಿ ನೋಡುವುದು; ಯಂತ್ರ ಹೊರಗೇ ಇರುತ್ತದೆ. ಆ ತಿಂಗಳ ಮುಟ್ಟು ಮುಗಿದ ಮೇಲಿನ ದಿನ ಆರಿಸಿಕೊಳ್ಳಬೇಕು. ಹಿಂದಿನ ಎರಡು ದಿನ ಸಂಪರ್ಕ, ಒಳಗಿಡುವ ಮಾತ್ರೆ, ಒಳಗೆ ತೊಳೆಯುವುದು ಬೇಡ. ಮುಟ್ಟು ತಪ್ಪಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಬೇಕು. ಚೂರು ತೆಗೆಯುವಾಗ ಮುಟ್ಟಿನ ಹೊಟ್ಟೆನೋವಿನಂತೆ ಒಮ್ಮೆ ಹಿಡಿದುಕೊಳ್ಳುತ್ತದೆ. ರಕ್ತ ನಿಲ್ಲಲು ಕಂದುಬಣ್ಣದ ಔಷಧಿ ಹಚ್ಚಿದ್ದರೆ ಮಾರನೆ ದಿನ ಪ್ಯಾಡಿನ ಮೇಲೆ ಕಾಫಿ ಚರಟದಂತಹ ಕಪ್ಪು ಹುಡಿ ಬೀಳುತ್ತದೆ. ಅದು ಔಷಧಿಯ ಬಣ್ಣ. ಇದನ್ನು ಮೊದಲೇ ಹೇಳದಿದ್ದರೆ ರಾತ್ರಿ ಹನ್ನೊಂದಕ್ಕೆ ರಿಕ್ಷಾ ಹಿಡಿದು ಬರುತ್ತಾರೆ. ಗಂಟೆಗೊಂದು ಪ್ಯಾಡ್ ತೊಯ್ದರೆ, ಜ್ವರ ಬಂದರೆ, ವಾಸನೆಯ ಸ್ರಾವವಿದ್ದರೆ ಮಾತ್ರ ತಡಮಾಡದೆ ಬರಬೇಕು.

ಬಯಾಪ್ಸಿ ವರದಿಯಲ್ಲಿ ಬಂದದ್ದು ಸಿಐಎನ್ 2, ಕ್ಯಾನ್ಸರಿಗೆ ಮುಂಚಿನ ಹಂತ. ಬದಲಾದ ಭಾಗವನ್ನು ಬಿಸಿಯಿಂದ ಸುಡುವ ಚಿಕಿತ್ಸೆ ಒಂದೇ ಭೇಟಿಯಲ್ಲಿ ಮುಗಿಯಿತು, ಗರ್ಭಕೋಶ ತೆಗೆಯುವ ಮಾತೇ ಬರಲಿಲ್ಲ. ಕೆಲವು ವಾರ ನೀರಿನಂತಹ ಸ್ರಾವ ಇರುತ್ತದೆ, ನಾಲ್ಕು ವಾರ ಸಂಪರ್ಕ ಬೇಡ ಎಂದದ್ದನ್ನು ಗಂಡನಿಗೂ ನೇರವಾಗಿಯೇ ಹೇಳಲಾಯಿತು. ಹೆಂಡತಿಯ ಮೂಲಕ ಹೇಳಿಸಿದರೆ ಆ ನಿಯಮ ಉಳಿಯುವುದಿಲ್ಲ.

ಮನೆಯ ಉಳಿದವರಿಗೆ ಬೇರೆ ಬೇರೆ ಲೆಕ್ಕ. ನಾದಿನಿಗೆ 36: ಸರ್ಕಾರಿ ಕಾರ್ಯಕ್ರಮದಂತೆ 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ಗರ್ಭಕೊರಳು, ಸ್ತನ, ಬಾಯಿ ಮೂರರ ತಪಾಸಣೆಯೂ ಇದೆ. ಅತ್ತೆಗೆ 62: ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಕ್ಕೆ ಸರಿಯುವುದರಿಂದ ವಿಐಎ ನಂಬಿಕೆಗೆ ಸಾಲದು, ಪ್ಯಾಪ್ (ಗರ್ಭಕೊರಳಿನ ಜೀವಕೋಶ ತೆಗೆದು ನೋಡುವ ಪರೀಕ್ಷೆ) ಅಥವಾ ಎಚ್‌ಪಿವಿ ಪರೀಕ್ಷೆಯನ್ನೇ ಕೇಳಬೇಕು. ಅವರು ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ತಿನ್ನುವವರಾದ್ದರಿಂದ ಬಾಯಿಯ ತಪಾಸಣೆಯನ್ನು ಮುಂದೂಡುವಂತಿಲ್ಲ: ಬಿಳಿ ಅಥವಾ ಕೆಂಪು ಕಲೆ, ಎರಡು ವಾರದಲ್ಲಿ ಮಾಯದ ಹುಣ್ಣು, ಮೂರು ಬೆರಳು ಹಿಡಿಸದ ಬಾಯಿ, ಇವುಗಳಲ್ಲಿ ಒಂದಿದ್ದರೂ ತೋರಿಸಬೇಕು. 13ರ ಮಗಳಿಗೆ ಎಚ್‌ಪಿವಿ ಲಸಿಕೆಗೆ ಸರಿಯಾದ ವಯಸ್ಸು. ಲಸಿಕೆ ಹಾಕಿಸಿಕೊಂಡರೂ 30ರ ನಂತರ ತಪಾಸಣೆ ತಪ್ಪಿಸುವಂತಿಲ್ಲ.

ಶಿಬಿರ ನಡೆಸುವವರಿಗೆ ಒಂದು ಮಾತು. ಪಾಸಿಟಿವ್ ಎಂದಷ್ಟೇ ಬರೆಯಬೇಡಿ. ‘ಗರ್ಭಕೊರಳಿನಲ್ಲಿ ಬಿಳಿ ಕಲೆ ಕಂಡಿದೆ, ಇಂಥ ದಿನ ಇಂಥ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಇನ್ನೊಂದು ಪರೀಕ್ಷೆ’ ಎಂದು ಕನ್ನಡದಲ್ಲಿ ಬರೆಯಲು ಒಂದು ನಿಮಿಷವೂ ಬೇಡ.

ಈ ಮಹಿಳೆಯ ಮರುತಪಾಸಣೆ 12 ತಿಂಗಳಿಗೆ. ಚಿಕಿತ್ಸೆಯಾದದ್ದು ಜೂನ್ ಕೊನೆಯಲ್ಲಿ. ಮುಂದಿನ ದಿನಾಂಕವನ್ನೂ ಜೂನ್ ಕೊನೆಗೇ ಬರೆಯಲಾಗಿದೆ. ಆಗ ಬೋಟು ದಡದಲ್ಲಿರುತ್ತದೆ, ಕರೆದುಕೊಂಡು ಬರುವುದು ತಾನೇ ಎಂದು ಗಂಡ ಒಪ್ಪಿದ್ದಾರೆ.