ಅಮೆರಿಕದಲ್ಲಿ ಯೂನಿಯನ್ ಮತ್ತು ತೆರಿಗೆಯಿಂದ ಕಪ್ಪು-ಬಿಳಿ ಜನರ ನಡುವಿನ ಆರ್ಥಿಕ ಅಂತರ ಕಡಿಮೆ ಆಗುತ್ತಾ?

ಆಗುತ್ತದೆ, ಆದರೆ ಎರಡೂ ಒಟ್ಟಿಗೆ ಬೇಕು.

ಯೂನಿಯನ್ ಕಟ್ಟುವ ಹಕ್ಕು ಕೊಟ್ಟ 1935ರ ವ್ಯಾಗ್ನರ್ ಕಾಯ್ದೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ದಕ್ಷಿಣದ ರಾಜ್ಯಗಳಲ್ಲಿ ಆ ಕೆಲಸ ಮಾಡುತ್ತಿದ್ದವರಲ್ಲಿ ಕಪ್ಪು ಜನರೇ ಜಾಸ್ತಿ. ಕಾಯ್ದೆಯಲ್ಲಿ ಬಣ್ಣದ ಮಾತೇ ಇಲ್ಲ, ಆದರೂ ಪೆಟ್ಟು ಬಿದ್ದದ್ದು ಅವರಿಗೇ. ಆ ಹೊರಗಿಡುವಿಕೆ ಇವತ್ತಿಗೂ ಹಾಗೇ ಇದೆ, ಮೊದಲು ಅದು ಹೋಗಬೇಕು. ಯೂನಿಯನ್ ಇರುವ ಕಡೆ ಯಾವ ಕೆಲಸಕ್ಕೆ ಎಷ್ಟು ಸಂಬಳ ಅಂತ ಒಪ್ಪಂದದಲ್ಲೇ ಬರೆದಿರುತ್ತದೆ, ಹಾಗಾಗಿ ಮುಖ ನೋಡಿ ಒಬ್ಬರಿಗೆ ಕಡಿಮೆ ಕೊಡುವುದು ಮ್ಯಾನೇಜರ್‌ಗೆ ಸುಲಭವಲ್ಲ. ಯೂನಿಯನ್ ಇಲ್ಲದವರು ಕಾನೂನನ್ನೇ ನಂಬಿಕೊಳ್ಳಬೇಕು, ಅಲ್ಲಿ ಕೇಂದ್ರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ!

ಇನ್ನು ತೆರಿಗೆ. ದುಡಿದ ಸಂಬಳಕ್ಕೆ ಕೇಂದ್ರದ ಅತಿ ಹೆಚ್ಚಿನ ತೆರಿಗೆ ದರ 37%. ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಷೇರು ಮಾರಿದ ಲಾಭಕ್ಕೆ ಮೂಲ ದರ 20% ದಾಟುವುದಿಲ್ಲ. ಮಾರದೆ ಮಕ್ಕಳಿಗೆ ಬಿಟ್ಟುಹೋದರೆ ಅಷ್ಟು ವರ್ಷದ ಏರಿಕೆಗೆ ಆದಾಯ ತೆರಿಗೆಯೇ ಇಲ್ಲ. ಷೇರುಗಳ ಬಹುಪಾಲು ಇರುವುದು ಶ್ರೀಮಂತ ಬಿಳಿ ಕುಟುಂಬಗಳ ಕೈಯಲ್ಲಿ, ಅಲ್ವಾ? ಹಾಗಾಗಿ ಈ ರಿಯಾಯಿತಿ ಬಣ್ಣದ ಅಂತರವನ್ನೂ ಪೀಳಿಗೆಯಿಂದ ಪೀಳಿಗೆಗೆ ದಾಟಿಸುತ್ತದೆ.