ಲೆದರೋ ರೆಕ್ಸಿನ್ನೋ ಆಮೇಲೆ ನೋಡೋಣ, ಮೊದಲು ಹಳೇ ಸೀಟ್ ಕವರ್ ಎಸೆಯಬೇಡಿ

ಹಳೇ ಕಾರಿನ ಸೀಟು, ಡೋರ್ ಪ್ಯಾಡ್, ರೂಫ್ ಬಟ್ಟೆ ಎಲ್ಲ ಹೊಸದು ಮಾಡಿಸಬೇಕು, ಲೆದರ್ ಒಳ್ಳೆಯದಾ ರೆಕ್ಸಿನ್ ಒಳ್ಳೆಯದಾ ಅಂತ ಕೇಳಿದ್ದೀರಿ. ಜೊತೆಗೆ, ಕೂಲಿ ಉಳಿಸಲು ಹಳೇದನ್ನೆಲ್ಲ ನಾನೇ ಕಿತ್ತು ಎಸೆದು ಬರೀ ಫ್ರೇಮ್ ತಗೊಂಡು ಹೋದರೆ ಆಗುತ್ತಾ ಅಂತಲೂ ಕೇಳಿದ್ದೀರಿ. ಆ ಎರಡನೇ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ನಾನೂ ಥೇಟ್ ಹಾಗೇ ಮಾಡಿದ್ದೆ.

ನನ್ನದು 1979ರ ಮರ್ಸಿಡಿಸ್, ಡಬ್ಲ್ಯು 123 ಅನ್ನುವ ಮಾಡೆಲ್. ಚಾಲಕನ ಸೀಟಿನಲ್ಲಿ ಹತ್ತಿ ಇಳಿಯುವ ಕಡೆಯ ಅಂಚು ಹರಿದಿತ್ತು, ಒಳಗೆ ಒಂದು ಸ್ಪ್ರಿಂಗ್ ಮುರಿದು ಸೀಟು ವಾಲಿತ್ತು. ಕವರ್ ಬಿಚ್ಚಿದೆ. ಒಳಗೆ ಕಂದು ಬಣ್ಣದ, ಕೈಗೆ ಚುಚ್ಚುವ ಒಂದು ದಪ್ಪ ಪದರ ಇತ್ತು. ರಬ್ಬರ್ ಹಾಕಿ ಒತ್ತಿದ ಕುದುರೆ ಕೂದಲು ಅದು. ಮುಟ್ಟಿದರೆ ಪುಡಿ ಉದುರುತ್ತಿತ್ತು. ಇಷ್ಟು ಕೊಳಕನ್ನು ಯಾರು ಇಟ್ಟುಕೊಳ್ಳುತ್ತಾರೆ ಅಂದುಕೊಂಡು ಕವರ್, ಕೂದಲಿನ ಪದರ, ಅದರೊಳಗಿನ ತಂತಿಗಳು ಎಲ್ಲವನ್ನೂ ಕಸಕ್ಕೆ ಹಾಕಿದೆ. ಎರಡೂ ಸೀಟಿನದ್ದು! ಫ್ರೇಮ್‌ಗಳನ್ನು ಉಜ್ಜಿ, ಬಣ್ಣ ಹೊಡೆದು, ಹೆಮ್ಮೆಯಿಂದ ಒಯ್ದು ಕೊಟ್ಟೆ.

ಅಲ್ಲಿ ಏನು ಕಳೆದುಕೊಂಡೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದನ್ನ ಯಾರೂ ಮೊದಲೇ ಹೇಳುವುದಿಲ್ಲ. ಸೀಟಿನ ಆಕಾರ ಫ್ರೇಮ್‌ನಲ್ಲಿ ಇರುವುದಿಲ್ಲ. ಫ್ರೇಮ್ ಬರೀ ಚೌಕಟ್ಟು. ಆಕಾರ ಇರುವುದು ಹಳೇ ಕವರ್‌ನ ತುಂಡುಗಳಲ್ಲಿ. ಒಳ್ಳೆ ಕೆಲಸಗಾರ ಅದರ ಹೊಲಿಗೆಗಳನ್ನು ಬ್ಲೇಡಿನಿಂದ ಒಂದೊಂದಾಗಿ ಬಿಚ್ಚಿ, ಪ್ರತಿ ತುಂಡಿಗೂ ಗುರುತು ಬರೆದು, ಚಪ್ಪಟೆ ಮಾಡಿ, ಹೊಸ ಬಟ್ಟೆಯ ಮೇಲಿಟ್ಟು ಕತ್ತರಿಸುತ್ತಾನೆ. ತುಂಡುಗಳ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳಿರುತ್ತವೆ. ಈ ಕಚ್ಚು ಆ ಕಚ್ಚಿಗೆ ಕೂಡಬೇಕು ಅನ್ನುವ ಲೆಕ್ಕ ಅದು. ಅದಿದ್ದರೆ ಪೈಪಿಂಗ್, ಅಂದ್ರೆ ಹೊಲಿಗೆಯ ಅಂಚಿನುದ್ದಕ್ಕೂ ಕೂರಿಸುವ ಹಗ್ಗದಂಥ ಉಬ್ಬು ಪಟ್ಟಿ, ಮೂಲೆಯಲ್ಲಿ ಸೊಟ್ಟ ಹೋಗುವುದಿಲ್ಲ. ಹೊಲಿಗೆಯೊಳಗೆ ಮಡಚಿ ಹೋಗಿರುವ ಅರ್ಧ ಇಂಚಿನಲ್ಲಿ ಬಿಸಿಲು ಕಾಣದ ಮೂಲ ಬಣ್ಣ ಹಾಗೇ ಉಳಿದಿರುತ್ತದೆ. ಹೊರಗಡೆ ಮಾಸಿದ ಬಣ್ಣ ನೋಡಿ ಹೊಸದು ಆರಿಸಿದರೆ ಬೇರೆ ಬಣ್ಣವೇ ಬರುತ್ತದೆ.

ಆ ತಂತಿಗಳದ್ದೂ ಒಂದು ಕೆಲಸ ಇದೆ. ಕವರ್‌ನ ಒಳಮೈಯಲ್ಲಿ ಉದ್ದಕ್ಕೆ ಬಟ್ಟೆಯ ಕೊಳವೆ ಹೊಲಿದಿರುತ್ತಾರೆ. ತಂತಿ ಅದರೊಳಗೆ ಹೋಗುತ್ತದೆ. ಆ ತಂತಿಯನ್ನು ಸಣ್ಣ ಕಬ್ಬಿಣದ ರಿಂಗ್‌ಗಳಿಂದ ಕೆಳಗಿನ ಪದರಕ್ಕೆ ಎಳೆದು ಕಟ್ಟುತ್ತಾರೆ. ಸೀಟಿನ ಮಧ್ಯದ ತಗ್ಗು, ಪಕ್ಕದ ಉಬ್ಬು ನಿಲ್ಲುವುದು ಅದರಿಂದಲೇ. ಕಸದ ಗಾಡಿ ಹೋಗಿ ಎಷ್ಟೋ ದಿನದ ಮೇಲೆ ನನಗಿದು ಗೊತ್ತಾಯಿತು.

ಪಾಪ, ನಾನು ಕೊಟ್ಟ ವ್ಯಕ್ತಿ ಸೋಫಾ ಕೆಲಸದಲ್ಲಿ ಪಳಗಿದವರು. ಮಾದರಿ ಇಲ್ಲದ್ದಕ್ಕೆ ಫ್ರೇಮ್ ಮೇಲೆ ಫೋಮ್ ಹಲಗೆ ಅಂಟಿಸಿ, ಕಣ್ಣಂದಾಜಿನಲ್ಲಿ ಕೊರೆದು, ಅದರ ಮೇಲೆ ಲೆದರ್ ಎಳೆದು ಕೂರಿಸಿದರು. ನೋಡಲು ಚೆನ್ನಾಗಿಯೇ ಇತ್ತು. ಕಾರಿಗೆ ಹಾಕಿ ಕೂತಾಗ ತಲೆ ರೂಫ್‌ಗೆ ತಾಗುವಷ್ಟು ಎತ್ತರ, ತೊಡೆಗೆ ಸ್ಟೀರಿಂಗ್ ಒತ್ತುತ್ತಿತ್ತು. ತಗ್ಗಿರಬೇಕಾದ ಕಡೆ ಲೆದರ್ ಕೆಳಗೆ ಹಿಡಿತವಿಲ್ಲದೆ ಟೊಳ್ಳಾಗಿ ನಿಂತಿತ್ತು. ಮುಂದಿನ ಬೇಸಿಗೆಯ ಹೊತ್ತಿಗೆ ಹಿಗ್ಗಿ, ಸುಕ್ಕು ಬಿದ್ದು, ಪೈಪಿಂಗ್ ಹಾವು ಹರಿದ ಹಾಗೆ ಸೊಟ್ಟಪಟ್ಟ ಆಯಿತು. ಕೊನೆಗೆ ಇದೇ ಮಾಡೆಲ್ ಇಟ್ಟುಕೊಂಡಿದ್ದ ಪುಣ್ಯಾತ್ಮರೊಬ್ಬರು ತಮ್ಮ ಸೀಟು ಕಳಚಿ ಕೊಟ್ಟರು. ಇನ್ನೊಬ್ಬ ಕೆಲಸಗಾರರು ಅದರ ಅಳತೆ ತೆಗೆದು ಎಲ್ಲ ಮೊದಲಿಂದ ಹೊಲಿದರು. ಲೆದರ್ ಖರ್ಚೂ ಎರಡು ಸಲ, ಕೂಲಿಯೂ ಎರಡು ಸಲ. ಉಳಿಸಿದ್ದು ಬಿಚ್ಚುವ ಕೂಲಿ ಮಾತ್ರ.

ಹಾಗಾಗಿ ಕಿತ್ತು ಕೊಡುವುದಾದರೆ ಕೊಡಿ, ಎಸೆಯಬೇಡಿ. ಹರಿದ ಚಿಂದಿ, ತುಕ್ಕು ಹಿಡಿದ ತಂತಿ, ಉದುರುವ ಕೂದಲು, ಎಲ್ಲ ಒಂದು ಚೀಲಕ್ಕೆ ಹಾಕಿ. ರೂಫ್ ಬಟ್ಟೆಯ ಒಳಗೆ ಬಾಗಿದ ಕಂಬಿಗಳಿದ್ದರೆ ಮುಂದಿನಿಂದ ಹಿಂದಕ್ಕೆ ನಂಬರ್ ಹಾಕಿ ಇಡಿ. ಒಂದರ ಬಾಗು ಇನ್ನೊಂದಕ್ಕೆ ಬರುವುದಿಲ್ಲ.

ಈಗ ಲೆದರ್, ರೆಕ್ಸಿನ್ ವಿಷಯ. ನನ್ನನ್ನು ಕೇಳಿದರೆ ಇದು ನೀವು ತೀರ್ಮಾನ ಮಾಡಬೇಕಾದ್ದೇ ಅಲ್ಲ. ಕಾರು ಕಾರ್ಖಾನೆಯಿಂದ ಬಂದಾಗ ಏನಿತ್ತೋ ಅದನ್ನೇ ಹಾಕಿ. ಹಳೇ ಕಾರಿಗೆ ಲೆದರ್ ಅಂದ್ರೆ ದೊಡ್ಡಸ್ತಿಕೆ, ರೆಕ್ಸಿನ್ ಅಂದ್ರೆ ಬಡತನ ಅನ್ನುವ ಮಾತು ಸುಳ್ಳು. ಮರ್ಸಿಡಿಸ್‌ನವರೇ ಎಂಬಿ-ಟೆಕ್ಸ್ ಅನ್ನುವ ವಿನೈಲ್, ಅಂದ್ರೆ ನಾವು ರೆಕ್ಸಿನ್ ಅನ್ನುವ ಜಾತಿಯದ್ದನ್ನೇ ಹಾಕಿ ಲಕ್ಷಗಟ್ಟಲೆ ಕಾರು ಮಾರಿದ್ದಾರೆ. ಅವುಗಳಲ್ಲಿ ಎಷ್ಟೋ ಸೀಟು ಇವತ್ತಿಗೂ ಹರಿಯದೆ ಇವೆ. ನನ್ನ ಕಾರಿನ ಹಿಂದಿನ ಸೀಟು ಈಗಲೂ ಅದೇ, ಸೋಪು ನೀರು ಹಾಕಿ ಒರೆಸುತ್ತೇನೆ, ಅಷ್ಟೇ. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲೂ ಮೈ ತಾಗುವ ಜಾಗಕ್ಕೆ ಮಾತ್ರ ಲೆದರ್, ಪಕ್ಕಕ್ಕೂ ಬೆನ್ನ ಹಿಂದಕ್ಕೂ ಅದೇ ಬಣ್ಣದ ವಿನೈಲ್. ಪೂರ್ತಿ ಲೆದರ್ ಹಾಕಿದರೆ ಖರ್ಚು ಜಾಸ್ತಿ ಆಗುತ್ತದೆ, ಕಾರು ಮೂಲದ ಹಾಗೆ ಕಾಣುವುದೂ ಇಲ್ಲ.

ಬೇಡವೇ ಬೇಡ ಅನ್ನುವುದು ಎರಡು. ಒಂದು ಬಾಂಡೆಡ್ ಲೆದರ್. ಚರ್ಮದ ಚೂರು ಅರೆದು, ಅಂಟು ಸೇರಿಸಿ, ಮೇಲೆ ಪ್ಲಾಸ್ಟಿಕ್ ಪದರ ಕೊಟ್ಟದ್ದು ಅದು. ಕೆಲವೇ ವರ್ಷಕ್ಕೆ ಹಕ್ಕಳೆಯಾಗಿ ಏಳುತ್ತದೆ. ಇನ್ನೊಂದು ಅಗ್ಗದ ಪಿಯು ಲೆದರ್, ಅಂದ್ರೆ ಬಟ್ಟೆಯ ಮೇಲೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಬಳಿದದ್ದು. ಅಂಗಡಿಯಲ್ಲಿ ಮುಟ್ಟಿದರೆ ವಿನೈಲ್‌ಗಿಂತ ಮೆತ್ತಗಿರುತ್ತದೆ, ಜನ ಮೋಸ ಹೋಗುವುದು ಅಲ್ಲೇ. ತೇವ, ಶಾಖ ಸೇರಿ ಅದರ ಮೇಲ್ಪದರ ಒಡೆಯುತ್ತದೆ. ನಿಜವಾದ ಲೆದರ್ ಬೇಕೇ ಬೇಕು ಅಂದರೆ ಕಾರಿಗೆಂದೇ ಹದ ಮಾಡಿದ್ದು ತಗೊಳ್ಳಿ. ಸೋಫಾ ಲೆದರ್‌ಗೆ ಕಾರಿನೊಳಗಿನ ಬಿಸಿಲು ತಡೆಯುವ ತಾಕತ್ತು ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲ ಚರ್ಮವನ್ನೂ ಒಂದೇ ಸಲ, ಒಂದೇ ಲಾಟ್‌ನಿಂದ, ಸ್ವಲ್ಪ ಹೆಚ್ಚೇ ಕೊಳ್ಳಿ. ಆಮೇಲೆ ಕೊಂಡದ್ದು ಬಣ್ಣದಲ್ಲಿ ಹೊಂದುವುದಿಲ್ಲ. ಹೊಟ್ಟೆಯ ಕಡೆಯ ಚರ್ಮ ಹಿಗ್ಗುತ್ತದೆ, ಬೆನ್ನಿನ ಕಡೆಯದು ಗಟ್ಟಿ. ಕೂರುವ ಜಾಗಕ್ಕೆ ಬೆನ್ನಿನದ್ದನ್ನೇ ಕತ್ತರಿಸಿ ಅಂತ ಬಾಯಿಬಿಟ್ಟು ಹೇಳಿ.

ದಾರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹತ್ತಿ ದಾರ ಬೇಡ, ಕೊಳೆಯುತ್ತದೆ. ಬಿಸಿಲು ಬೀಳುವ ಕಡೆ ಪಾಲಿಯೆಸ್ಟರ್ ಒಳ್ಳೆಯದು. ಹೊಲಿಗೆ ತೀರ ಒತ್ತೊತ್ತಾಗಿದ್ದರೆ ಗಟ್ಟಿ ಅಂದುಕೊಳ್ಳಬೇಡಿ. ತೂತುಗಳು ಹತ್ತಿರವಾದಷ್ಟೂ ವಿನೈಲ್ ಆ ಗೆರೆಯಲ್ಲೇ ಹರಿದುಕೊಂಡು ಬರುತ್ತದೆ. ಫೋಮ್ ಹಾಕಿಸುವುದಾದರೆ ಸಾಂದ್ರತೆ ಬೇರೆ, ಗಡಸುತನ ಬೇರೆ ಅನ್ನುವುದು ನೆನಪಿರಲಿ. ಗಡಸಾಗಿದ್ದೂ ಸಾಂದ್ರತೆ ಕಡಿಮೆ ಇರುವ ಫೋಮ್ ಬೇಗ ಕುಸಿಯುತ್ತದೆ. ಮತ್ತೆ ಬೆಂಕಿ ಬೇಗ ಹರಡದ, ವಾಹನಕ್ಕೆಂದೇ ಮಾಡಿದ ಫೋಮ್ ಕೇಳಿ. ಅಮೆರಿಕದ ವಾಹನ ಸುರಕ್ಷತೆಯ ಎಫ್‌ಎಂವಿಎಸ್‌ಎಸ್ 302 ನಿಯಮದ ಪ್ರಕಾರ ಕಾರಿನೊಳಗಿನ ವಸ್ತುವಿನಲ್ಲಿ ಬೆಂಕಿ ನಿಮಿಷಕ್ಕೆ 102 ಮಿಲಿಮೀಟರ್‌ಗಿಂತ ವೇಗವಾಗಿ ಹರಡಬಾರದು. ಮನೆ ಸೋಫಾದ ಫೋಮ್ ಆ ಪರೀಕ್ಷೆ ಪಾಸಾಗಿರಬೇಕು ಅಂತೇನಿಲ್ಲ.

ಡೋರ್ ಪ್ಯಾಡ್ ಮಾಡಿಸುವ ಮುಂಚೆ ಬಾಗಿಲಿನ ಒಳಗೆ ಇಣುಕಿ ನೋಡಿ. ಗಾಜಿನ ಪಕ್ಕದಿಂದ ಮಳೆನೀರು ಬಾಗಿಲಿನೊಳಗೆ ಇಳಿಯುವುದು ಮಾಮೂಲು, ಕೆಳಗಿನ ತೂತಿಂದ ಹೊರಗೆ ಹೋಗುತ್ತದೆ. ಪ್ಯಾಡ್‌ಗೂ ತಗಡಿಗೂ ನಡುವೆ ಪ್ಲಾಸ್ಟಿಕ್ ಹಾಳೆ ಇರಬೇಕು. ಅದಿಲ್ಲದಿದ್ದರೆ ಎಷ್ಟು ಚೆಂದದ ಪ್ಯಾಡ್ ಆದರೂ ತೇವ ಕುಡಿದು ಸೊಟ್ಟ ಆಗುತ್ತದೆ.

ಇನ್ನು ಯಾರಿಗೆ ಕೊಡಬೇಕು? ಫೋಟೊ ನೋಡಿ, ಫೋನಲ್ಲೇ ರೇಟ್ ಹೇಳುವವರನ್ನು ಬಿಡಿ. ನಿನ್ನೆ ಮುಗಿಸಿದ ಸೀಟು ತೋರಿಸಿದರೆ ಅದನ್ನೂ ನಂಬಬೇಡಿ, ಹೊಸತರಲ್ಲಿ ಎಲ್ಲವೂ ಚೆಂದ. ಕೆಲವು ವರ್ಷ ಓಡಿದ, ಅವರೇ ಹೊಲಿದ ಸೀಟು ತೋರಿಸಿ ಅನ್ನಿ. ಅದರಲ್ಲಿ ಕೂತು ನೋಡಿ. ಕೆಳಗಿನ ಸೀಟಿನ ಗೆರೆಗಳು ಬೆನ್ನಿನ ಗೆರೆಗಳಿಗೆ ನೇರ ಕೂಡುತ್ತವಾ, ಮೂಲೆಯಲ್ಲಿ ಪೈಪಿಂಗ್ ನೆರಿಗೆ ಬಿದ್ದಿದೆಯಾ ನೋಡಿ. ನಿಮ್ಮ ಕಾರು ಕಂಡ ಕೂಡಲೇ "ಹಳೇ ಕವರ್ ಇದೆಯಾ?" ಅಂತ ಕೇಳಿದವರಿಗೆ ಅರ್ಧ ಮಾರ್ಕ್ಸ್ ಅಲ್ಲೇ ಕೊಡಿ. ನನ್ನ ಎರಡನೇ ಕೆಲಸಗಾರರು ಕೇಳಿದ ಮೊದಲ ಮಾತೇ ಅದು. ನಾನು ತಲೆ ತಗ್ಗಿಸಿಕೊಂಡು ನಿಂತಿದ್ದೆ.

ಎಲ್ಲ ಸೀಟನ್ನೂ ಒಟ್ಟಿಗೆ ಬಿಚ್ಚಬೇಡಿ. ಮೊದಲು ಪಕ್ಕದ ಸೀಟು ಒಂದನ್ನೇ ಕೊಡಿ. ಚಾಲಕನದ್ದು ಎಷ್ಟೇ ಹರಿದಿದ್ದರೂ ಹಾಗೇ ಇರಲಿ, ಎತ್ತರ, ತಗ್ಗು ಎಲ್ಲ ಹೋಲಿಸಿ ನೋಡಲು ಬೇಕಾಗುತ್ತದೆ. ಮಾಡಿಸಿದ ಸೀಟಿನಲ್ಲಿ ನೀವೇ ಕೂತು ಒಪ್ಪಿದ ಮೇಲೆ ಮುಂದಿನದ್ದಕ್ಕೆ ಕೈ ಹಾಕಿಸಿ. ಕೆಲಸ ನಿಧಾನ ಆಗುತ್ತದೆ, ಕೆಲಸಗಾರರು ಗೊಣಗಬಹುದು. ಗೊಣಗಲಿ ಬಿಡಿ.