ಇಲಿಗೆ ಕಾರ್ಟಿಸಾಲ್ ಹುಡುಕಿದ ಕಥೆ

ತಮ್ಮಾ, ಸ್ಕಾಟ್ಲೆಂಡಲ್ಲಿ ಚಳಿ ಹೇಗೆ, ಊಟ ಹೇಗೆ, ಬೇರೆ ಬೇರೆ ಪ್ರಾಣಿಗಳ ರಕ್ತದಲ್ಲಿ ಅಡ್ರಿನಲ್ ಗ್ರಂಥಿಯ (ಮೂತ್ರಪಿಂಡದ ಮೇಲಿರೋದು) ಸ್ಟೆರಾಯ್ಡ್ ಹಾರ್ಮೋನ್ ಹೋಲಿಸೋ ಕೆಲಸಕ್ಕೆ ನಮ್ಮ ಶಿವಮೊಗ್ಗದ ವೆಟರ್ನರಿ ಓದು ಸಾಕಾ ಅಂತ ಕೇಳಿದ್ದೀಯ.

ಜಾಕೆಟ್ ಇಲ್ಲೇ ತಗೋ. ಊಟ ಹೇಗೋ ಆಗುತ್ತೆ. ಅಪ್ಪೆಮಿಡಿ ಮಾತ್ರ ಎರಡೆರಡು ಕವರ್ ಹಾಕಿ ಕಟ್ಟಿ ತಾ. ನನ್ನ ಬಾಟಲಿ ಸೂಟ್‌ಕೇಸಲ್ಲೇ ಒಡೆದು ಸ್ವೆಟರ್ ತುಂಬಾ ಅದೇ ವಾಸನೆ. ನಾನೂ ಬೇಗ ಒಗೆಯಲಿಲ್ಲ ಬಿಡು.

ಓದು ಧಾರಾಳ ಸಾಕು. ಮಳೆಗಾಲದ ಕೊಟ್ಟಿಗೆಯಲ್ಲಿ ಒದೆಯೋ ಮಲೆನಾಡು ಗಿಡ್ಡದ ಕುತ್ತಿಗೆಯಿಂದ ರಕ್ತ ತೆಗೆದವರಿಗೆ ಇಲ್ಲಿನ ಸಾಧು ಹಸು ಯಾವ ಲೆಕ್ಕ?

ನಾನು ಎಡವಿದ್ದು ಬೇರೆ ಕಡೆ. ಸ್ಕಾಟ್ಲೆಂಡಿಗೆ ಬಂದ ಮೊದಲ ಚಳಿಗಾಲ ಇಲಿಯ ಸೀರಮ್, ಅಂದರೆ ರಕ್ತದ ತಿಳಿ, ಕೊಟ್ಟರು. ಹಸು, ನಾಯಿ, ಕುದುರೆ, ಮನುಷ್ಯ ಎಲ್ಲರಿಗೂ ಮುಖ್ಯ ಒತ್ತಡದ ಹಾರ್ಮೋನ್ ಕಾರ್ಟಿಸಾಲೇ ಅಲ್ವಾ ಅಂತ ಅದನ್ನ ಅಳೆಯೋ ಕಿಟ್ಟೇ ಹಾಕಿದೆ. ಪ್ಲೇಟಲ್ಲಿ ಇಲಿಯ ಸೀರಮ್ ಹಾಕಿದ ಗುಳಿಗಳೆಲ್ಲ ಕಡು ಹಳದಿ. ಆ ಕಿಟ್ಟಲ್ಲಿ ಬಣ್ಣ ಜಾಸ್ತಿ ಅಂದರೆ ಹಾರ್ಮೋನ್ ಕಮ್ಮಿ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಮತ್ತೆ ಹಾಕಿದೆ, ಮತ್ತೂ ಹಾಕಿದೆ. ಪಕ್ಕದ ಮೇಜಿನಲ್ಲೇ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಹೆಂಗಸು ಕೂತಿದ್ದರು, ಆದರೆ ದೊಡ್ಡವರ ಮುಂದೆ ಗೊತ್ತಿಲ್ಲ ಅನ್ನೋಕೆ ನಮ್ಮ ಕಡೆಯವರಿಗೆ ಎಷ್ಟು ಸಂಕೋಚ ಅಂತ ನಿನಗೆ ಹೇಳಬೇಕಾ? ಕೊನೆಗೆ ಬಾಯಿಬಿಟ್ಟಾಗ ಅವರು ಒಂದೇ ಮಾತಲ್ಲಿ ಮುಗಿಸಿದರು. ಇಲಿಯ ಅಡ್ರಿನಲ್‌ನಲ್ಲಿ ಕಾರ್ಟಿಸಾಲ್ ತಯಾರಿಸೋಕೆ ಬೇಕಾದ ಸಿವೈಪಿ17 ಕಿಣ್ವ ಇರುವುದಿಲ್ಲ, ಹಾಗಾಗಿ ಅದರದ್ದು ಕಾರ್ಟಿಕೋಸ್ಟೀರಾನ್ ಅನ್ನೋ ಬೇರೆ ಹಾರ್ಮೋನ್. ಸರಿ, ಆ ಕಿಟ್ ಹಾಕೋಣ ಅಂದರೆ ಸೀರಮ್ ಮುಗಿದಿತ್ತು. ಅದಕ್ಕಾಗಿಯೇ ಕೊಂದ ಇಲಿಗಳವು. ಈಗಲೂ ಹಳದಿ ಪ್ಲೇಟ್ ಕಂಡರೆ ಹೊಟ್ಟೆಯೊಳಗೆ ಏನೋ ಆಗುತ್ತೆ.

ಇನ್ನೊಂದು. ಹಿಡಿದ ಮೂರು ನಿಮಿಷದೊಳಗೆ ರಕ್ತ ತೆಗಿ, ತಡವಾದರೆ ನೀನು ಅಳೆಯೋದು ಅದರ ಹೆದರಿಕೆಯನ್ನ. ಹೊತ್ತನ್ನೂ ಬರೆದಿಡು. ನಮಗೆ ಈ ಹಾರ್ಮೋನ್ ಬೆಳಿಗ್ಗೆ ಏರುತ್ತೆ, ಇಲಿಗೆ ದೀಪ ಆರೋ ಹೊತ್ತಿಗೆ. ಅಂಕಿ ದೊಡ್ಡದು ಅಂತ ಆ ಪ್ರಾಣಿಗೆ ಒತ್ತಡ ಜಾಸ್ತಿ ಅಂತ ಬರೆದುಬಿಡಬೇಡ ಮಾರಾಯ. ದಕ್ಷಿಣ ಅಮೆರಿಕದ ಅಳಿಲುಕೋತಿಗೆ ನಮಗಿಂತ ಎಷ್ಟೋ ಪಟ್ಟು ಕಾರ್ಟಿಸಾಲ್ ಇದ್ದರೂ ಆರಾಮಾಗಿರುತ್ತೆ, ಹಾರ್ಮೋನನ್ನ ಹಿಡಿಯೋ ಅದರ ಗ್ರಾಹಕಗಳೇ ಮಂದ.

ಸೆಪ್ಟೆಂಬರ್ ಅಂದಿದ್ದೀಯಲ್ಲ, ಆದರೆ ಗೌರಿ ಹಬ್ಬ ಮುಗಿಸಿಕೊಂಡೇ ಹೊರಡು. ನಾನು ಹಿಂದಿನ ವಾರವೇ ಹೊರಟುಬಿಟ್ಟಿದ್ದೆ.